ಕಸ ಒತ್ತುವ ಯಂತ್ರದ ಕೀಲಿ ಯಾರ ಜೇಬಿನಲ್ಲಿರಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ವಸತಿ ಸಮುಚ್ಚಯ, ಮಾಲ್, ಹೋಟೆಲು, ಗೋದಾಮುಗಳ ಹಿಂಬದಿಯಲ್ಲಿ ನಿಂತು ಕಸವನ್ನು ಒತ್ತಿ ಕಂಟೇನರಿಗೆ ತುಂಬುವ ಕಾಂಪ್ಯಾಕ್ಟರ್ ಯಂತ್ರದ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಕೆಲವು ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಬರೆದವರ ಕೆಲಸಕ್ಕೆ ತೊಂದರೆಯಾಗಬಾರದೆಂದು ಎಲ್ಲರ ಹೆಸರನ್ನೂ ಬಿಡಲಾಗಿದೆ.

ಪ್ರಶ್ನೆ: ನಮ್ಮ ಸಮುಚ್ಚಯದಲ್ಲಿ ಒಣಕಸಕ್ಕೆಂದು ಕಾಂಪ್ಯಾಕ್ಟರ್ ಹಾಕಿಸಿ ಎರಡು ವರ್ಷವಾಯಿತು. ದೊಡ್ಡ ರಟ್ಟಿನ ಪೆಟ್ಟಿಗೆಯೋ ಹಳೆಯ ಹಾಸಿಗೆಯೋ ಬಾಯಲ್ಲಿ ಸಿಕ್ಕಿಕೊಂಡರೆ ಹುಡುಗರು ಬಾಗಿಲು ತೆರೆದು, ಯಂತ್ರ ಓಡುತ್ತಿರುವಾಗಲೇ ಕೋಲಿನಿಂದ ತಳ್ಳುತ್ತಾರೆ. ಬಾಗಿಲು ತೆರೆದೊಡನೆ ಯಂತ್ರವನ್ನು ನಿಲ್ಲಿಸಬೇಕಾದ ಸ್ವಿಚ್ಚಿಗೆ ಟೇಪು ಸುತ್ತಲಾಗಿದೆ. ಈ ಉಪಾಯ ಹೇಳಿಕೊಟ್ಟವರು ಸರ್ವಿಸಿಗೆ ಬಂದ ಮೆಕ್ಯಾನಿಕ್ಕೇ. ಕಸವನ್ನು ಒತ್ತುವ ಪ್ಲೇಟು ಬಹಳ ನಿಧಾನವಾಗಿ ಚಲಿಸುವುದರಿಂದ ಅಪಾಯವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಇದು ಸರಿಯೇ?
– ನಿರ್ವಹಣಾ ಮೇಲ್ವಿಚಾರಕರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಸರಿಯಲ್ಲ. ನಿಮ್ಮ ಪತ್ರವನ್ನು ಓದಿ ಮುಗಿಸಿದ ಕೂಡಲೇ ಆ ಟೇಪನ್ನು ಬಿಚ್ಚಿಸಿ, ಆಮೇಲೆ ಉಳಿದದ್ದನ್ನು ಓದಿ ಎಂದು ಹೇಳಬೇಕೆನಿಸಿತು.

ನಿಧಾನ ಎಂಬುದೇ ಈ ಯಂತ್ರದ ಮೋಸ. ಗರಗಸವನ್ನೋ ತಿರುಗುವ ಬೆಲ್ಟನ್ನೋ ಕಂಡರೆ ಯಾರಿಗಾದರೂ ಅಂಜಿಕೆ ಹುಟ್ಟುತ್ತದೆ. ಒಂದೂವರೆ ಮೀಟರು ಸರಿಯಲು ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುವ ಉಕ್ಕಿನ ಪ್ಲೇಟನ್ನು ಕಂಡರೆ ‘ಅಷ್ಟರಲ್ಲಿ ಕೈ ತೆಗೆದರಾಯಿತು’ ಎಂಬ ಧೈರ್ಯ ಬರುತ್ತದೆ. ಆದರೆ ಆ ಪ್ಲೇಟಿನ ಹಿಂದಿರುವ ಬಲವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 150 ಮಿಲಿಮೀಟರ್ ಒಳವ್ಯಾಸದ ಒಂದು ಸಿಲಿಂಡರಿಗೆ 140 ಬಾರ್ ಒತ್ತಡದಲ್ಲಿ ಎಣ್ಣೆ ನುಗ್ಗಿದರೆ, ಅದು ಪ್ಲೇಟನ್ನು ಸುಮಾರು 25 ಟನ್ ತೂಕಕ್ಕೆ ಸಮನಾದ ಬಲದಿಂದ ತಳ್ಳುತ್ತದೆ. ಎದುರಿಗಿರುವುದು ರಟ್ಟೋ ಮೂಳೆಯೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯುವುದೇ ಇಲ್ಲ. ಎಲ್ಲಕ್ಕಿಂತ ಅಪಾಯದ ಜಾಗ ಪ್ಲೇಟಿನ ಮುಂದಿನ ಅಂಚು ಕಸದ ಬಾಯಿಯ ಚೌಕಟ್ಟನ್ನು ದಾಟಿ ಒಳಹೋಗುವ ಸಂದು. ಅಲ್ಲಿ ಅದು ಒತ್ತುವುದಿಲ್ಲ, ಅಡಕತ್ತರಿಯಂತೆ ಕತ್ತರಿಸುತ್ತದೆ. ಕೋಲು ಆ ಸಂದಿಗೆ ಸಿಕ್ಕಿದರೆ ಅದರ ಇನ್ನೊಂದು ತುದಿ ಹಿಡಿದವನ ಎದೆಗೋ ಮುಖಕ್ಕೋ ಬಡಿಯುತ್ತದೆ, ಇಲ್ಲವೇ ಹಿಡಿದ ಕೈಯನ್ನೇ ಒಳಗೆಳೆಯುತ್ತದೆ.

ಬಾಗಿಲಿನ ಸ್ವಿಚ್ಚನ್ನು ಇಂಟರ್‌ಲಾಕ್ ಎನ್ನುತ್ತಾರೆ. ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು, ಆ ಭಾಗಗಳು ಚಲಿಸುತ್ತಿರುವಷ್ಟು ಹೊತ್ತೂ ತಡೆ ತನ್ನ ಸ್ಥಾನದಲ್ಲೇ ಇರಬೇಕು ಎಂಬುದು ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮಿನಷ್ಟು ಹಳೆಯ ಮಾತು. ವಸತಿ ಸಮುಚ್ಚಯ ಕಾರ್ಖಾನೆಯಲ್ಲ ಎಂದು ಯಾರಾದರೂ ವಾದಿಸಬಹುದು. ಪ್ಲೇಟು ಆ ವಾದವನ್ನು ಕೇಳುವುದಿಲ್ಲ. ಟೇಪು ಸುತ್ತಿಸಿದ ಮೆಕ್ಯಾನಿಕ್ಕಿಗೆ ಯಂತ್ರ ಪದೇ ಪದೇ ನಿಲ್ಲುತ್ತಿದೆ ಎಂಬ ದೂರು ಬಂದಿರಬೇಕು. ಹಾಗೆ ನಿಲ್ಲಲು ಸಾಮಾನ್ಯವಾಗಿ ಬಾಗಿಲಿನ ಕೀಲು ಜೋತುಬಿದ್ದು ಸ್ವಿಚ್ಚಿಗೆ ಸರಿಯಾಗಿ ತಾಗದಿರುವುದೇ ಕಾರಣವಾಗಿರುತ್ತದೆ, ಮತ್ತು ಅದನ್ನು ಸರಿಪಡಿಸಲು ಅರ್ಧ ಗಂಟೆ ಸಾಕು.

ಇನ್ನು ಸಿಕ್ಕಿಕೊಂಡ ಕಸವನ್ನು ತೆಗೆಯುವ ಕ್ರಮ. ಯಂತ್ರಕ್ಕೆ ರಿವರ್ಸ್ ಗುಂಡಿ ಇದ್ದರೆ ಬಾಗಿಲು ಮುಚ್ಚಿಯೇ ಪ್ಲೇಟನ್ನು ಪೂರ್ತಿ ಹಿಂದಕ್ಕೆ ತಂದುಕೊಳ್ಳಿ. ಎಷ್ಟೋ ಸಲ ಅಷ್ಟಕ್ಕೇ ಕಸ ಸಡಿಲವಾಗುತ್ತದೆ. ಸಡಿಲವಾಗದಿದ್ದರೆ ಯಂತ್ರವನ್ನು ನಿಲ್ಲಿಸಿ, ಪ್ಯಾನೆಲಿನ ಕೀಲಿಯನ್ನು ತೆಗೆದು, ಗೋಡೆಯ ಮೇಲಿನ ಐಸೊಲೇಟರನ್ನು, ಅಂದರೆ ಯಂತ್ರಕ್ಕೆ ಬರುವ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಕೆಳಗಿಳಿಸಿ, ಅದಕ್ಕೊಂದು ಬೀಗ ಹಾಕಿ, ಆ ಬೀಗದ ಕೀಲಿಯನ್ನು ಒಳಗೆ ಕೈಹಾಕುವ ವ್ಯಕ್ತಿಯೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೇಲ್ವಿಚಾರಕರ ಕಚೇರಿಯಲ್ಲಿ ತೂಗುಹಾಕಿದ ಕೀಲಿ ಆ ಹೊತ್ತಿನಲ್ಲಿ ಇದ್ದೂ ಇಲ್ಲದಂತೆ. ಇಬ್ಬರು ಕೆಲಸ ಮಾಡುವುದಾದರೆ ಇಬ್ಬರದೂ ಬೇರೆ ಬೇರೆ ಬೀಗ ಇರಬೇಕು. ಬೀಗ ಹಾಕಿದ ಮೇಲೆ ಒಮ್ಮೆ ಸ್ಟಾರ್ಟ್ ಗುಂಡಿ ಒತ್ತಿ, ಯಂತ್ರ ನಿಜವಾಗಿಯೂ ಸತ್ತಿದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ತಪ್ಪು ಐಸೊಲೇಟರನ್ನು ಇಳಿಸಿ ಕೆಲಸಕ್ಕಿಳಿದವರನ್ನು ನಾನೇ ಕಂಡಿದ್ದೇನೆ. ಅಮೆರಿಕದಲ್ಲಿ ಈ ಪದ್ಧತಿಯನ್ನು 1989ರಲ್ಲಿ ಲಾಕ್‌ಔಟ್ ಎಂಬ ಹೆಸರಿನಿಂದ ನಿಯಮವಾಗಿಸಿದರು. ನಮ್ಮಲ್ಲಿ ದೊಡ್ಡ ಕಾರ್ಖಾನೆಗಳಲ್ಲಿ ರೂಢಿಯಲ್ಲಿದ್ದರೂ ಕಸದ ಕೋಣೆಯವರೆಗೆ ಇನ್ನೂ ಇಳಿದುಬಂದಿಲ್ಲ.

ಕೆಂಪು ಎಮರ್ಜೆನ್ಸಿ ಗುಂಡಿ ಒತ್ತಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಅದು ಓಡುವ ಯಂತ್ರವನ್ನು ನಿಲ್ಲಿಸಲು ಇರುವ ಗುಂಡಿ; ನಿಂತ ಯಂತ್ರವನ್ನು ನಿಂತೇ ಇರುವಂತೆ ಮಾಡುವ ಶಕ್ತಿ ಅದಕ್ಕಿಲ್ಲ. ಯಾರೋ ಬಂದು ಅದನ್ನು ತಿರುಗಿಸಿ ಬಿಡಿಸಬಹುದು. ಕೆಲವು ಯಂತ್ರಗಳಲ್ಲಿ ಕಸ ಬಿದ್ದುದನ್ನು ಬೆಳಕಿನ ಕಣ್ಣು ಗುರುತಿಸಿ ತಾನಾಗಿ ಓಟ ಆರಂಭಿಸುವ ವ್ಯವಸ್ಥೆಯೂ ಇರುತ್ತದೆ. ಅಲ್ಲಿ ಯಾರೂ ಗುಂಡಿ ಒತ್ತಬೇಕಾಗಿಲ್ಲ, ಒಳಗೆ ಬಗ್ಗಿದವನ ಕೈಯೇ ಆ ಕಣ್ಣಿಗೆ ಕಸವಾಗಿ ಕಾಣುತ್ತದೆ. ಇನ್ನೊಂದು ಮಾತು: ವಿದ್ಯುತ್ ಕಡಿದ ಮೇಲೂ ಹೋಸ್ ಪೈಪು ಮತ್ತು ಸಿಲಿಂಡರುಗಳಲ್ಲಿ ಒತ್ತಡ ಉಳಿದಿರಬಹುದು. ಅದನ್ನು ವಾಲ್ವಿನ ಕೈಪಿನ್ನಿನ ಮೂಲಕ ಇಳಿಸುವ ಕ್ರಮವನ್ನು ತಯಾರಕರ ಕೈಪಿಡಿಯಿಂದ ತಿಳಿದುಕೊಂಡವರು ಮಾತ್ರ ಪೈಪುಗಳ ಜೋಡಣೆಯನ್ನು ಬಿಚ್ಚಬೇಕು.

ಹಾಸಿಗೆಯ ವಿಚಾರಕ್ಕೆ ಬಂದರೆ, ಅದು ಕಾಂಪ್ಯಾಕ್ಟರಿಗೆ ಹಾಕುವ ವಸ್ತುವೇ ಅಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಚಪ್ಪಟೆ ಮಾಡಿ ಹಾಕಿದರೆ ನಿಮ್ಮ ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ.

ಪ್ರಶ್ನೆ: ಹದಿನಾರು ವರ್ಷದ ಹುಡುಗನನ್ನು ಈ ಯಂತ್ರದ ಬಳಿ ಕೆಲಸಕ್ಕೆ ಇಟ್ಟುಕೊಳ್ಳಬಹುದೇ?
– ಅಂಗಡಿ ಮಾಲೀಕರು, ಹಾಸನ

ಉತ್ತರ: ಬೇಡ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆಯು 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಡುತ್ತದೆ. ನಿಮ್ಮ ಯಂತ್ರ ಆ ಕಾಯ್ದೆಯ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿ ಬರುತ್ತದೆ ಎಂದು ಹುಡುಕುತ್ತ ಕೂರುವ ಬದಲು ಹದಿನೆಂಟು ತುಂಬಿದವರನ್ನು, ಅದರಲ್ಲೂ ತರಬೇತಿ ಪಡೆದವರನ್ನು ಮಾತ್ರ ನೇಮಿಸಿಕೊಳ್ಳಿ.

ಪ್ರಶ್ನೆ: ನಮ್ಮ ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಕಿಲೋ ಕಸ ಬೀಳುತ್ತದೆ, ಹೆಚ್ಚಿನದು ಅಡುಗೆಮನೆಯದು. ಕಾಂಪ್ಯಾಕ್ಟರ್ ಹಾಕಿಸಿದರೆ ಲಾರಿಯ ಬಾಡಿಗೆ ಕಾಲುಭಾಗಕ್ಕೆ ಇಳಿಯುತ್ತದೆ ಎಂದು ಮಾರಾಟದವರು ಹೇಳುತ್ತಾರೆ.
– ಹೋಟೆಲ್ ಮಾಲೀಕರು, ಮೈಸೂರು

ಉತ್ತರ: ಮಾರಾಟದವರು ಹೇಳಿದ ಲೆಕ್ಕ ಗಾಳಿ ತುಂಬಿದ ಕಸಕ್ಕೆ, ಅಂದರೆ ರಟ್ಟು, ಥರ್ಮಾಕೋಲ್, ಪ್ಲಾಸ್ಟಿಕ್ ಬಾಟಲಿಗಳಿಗೆ ಸಲ್ಲುತ್ತದೆ. ಅಂಥ ಕಸವನ್ನು ಮೂರು ನಾಲ್ಕು ಪಟ್ಟು ಕುಗ್ಗಿಸಬಹುದು, ಏಕೆಂದರೆ ಅಲ್ಲಿ ಕುಗ್ಗುವುದು ಗಾಳಿ. ಅನ್ನ, ಸಾರು, ಬಾಳೆಎಲೆ, ತರಕಾರಿ ಸಿಪ್ಪೆಗಳಲ್ಲಿ ಮುಕ್ಕಾಲು ಪಾಲು ನೀರಿರುತ್ತದೆ, ಮತ್ತು ನೀರನ್ನು ಯಾವ ಪ್ಲೇಟೂ ಕುಗ್ಗಿಸಲಾರದು. ನೀವು ಯಂತ್ರದಿಂದ ಪಡೆಯುವುದು ಹಿಂಡಿದ ರಸ. ಆ ರಸ ಹುಳಿಯಾಗಿ ಕಂಟೇನರಿನ ತಳದ ಉಕ್ಕನ್ನು ತಿನ್ನುತ್ತದೆ, ಬಾಗಿಲಿನ ರಬ್ಬರ್ ಸೀಲಿನಿಂದ ಸೋರುತ್ತದೆ, ಲಾರಿಯ ಹಿಂದೆ ಗೆರೆ ಎಳೆಯುತ್ತ ಹೋಗುತ್ತದೆ. ನಿಮ್ಮ ನೆರೆಹೊರೆಯವರಿಂದ ಬರುವ ದೂರಿನ ವಿಷಯವನ್ನು ನಾನು ಬರೆಯಬೇಕಾಗಿಲ್ಲ.

ದಿನಕ್ಕೆ 100 ಕಿಲೋ ಮೀರಿದ ಕಸ ಮಾಡುವವರನ್ನು 2016ರ ಘನತ್ಯಾಜ್ಯ ನಿಯಮಗಳು ಭಾರೀ ಪ್ರಮಾಣದ ಉತ್ಪಾದಕರೆಂದು ಗುರುತಿಸಿ, ಹಸಿಕಸವನ್ನು ಬೇರ್ಪಡಿಸಿ ಸಾಧ್ಯವಿದ್ದಷ್ಟೂ ಆವರಣದಲ್ಲೇ ಗೊಬ್ಬರವನ್ನೋ ಅನಿಲವನ್ನೋ ಮಾಡಲು ಹೇಳಿದವು. ನನ್ನ ಅಭಿಪ್ರಾಯದಲ್ಲಿ ನಿಮಗೆ ಬೇಕಾಗಿರುವುದು ಒಂದು ಸಣ್ಣ ಗೋಬರ್ ಗ್ಯಾಸ್ ಮಾದರಿಯ ಘಟಕ. ಒಣಕಸಕ್ಕೆ ಬೇಕಾದರೆ ರಟ್ಟನ್ನು ಕಟ್ಟು ಕಟ್ಟುವ ಬೇಲರ್ ಸಾಕು. ಬೇಲರಿಗೂ ಮೇಲಿನ ಬೀಗ ಕೀಲಿಯ ಮಾತುಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮ ಮಾಲಿನ ಕಾಂಪ್ಯಾಕ್ಟರ್ ಕಳೆದ ವಾರ ಜನರೇಟರ್ ಬದಲಾಯಿಸಿದ ದಿನದಿಂದ ಸದ್ದು ಮಾಡುತ್ತದೆ, ಆದರೆ ಪ್ಲೇಟು ಕದಲುವುದಿಲ್ಲ. ಎಣ್ಣೆ ಬದಲಾಯಿಸಬೇಕು ಎಂದರು. ಪ್ರತಿ ದಿನ, ಪ್ರತಿ ವಾರ ಏನೇನು ನೋಡಿಕೊಳ್ಳಬೇಕೆಂಬುದನ್ನೂ ತಿಳಿಸಿ.
– ಎಲೆಕ್ಟ್ರಿಷಿಯನ್, ಹುಬ್ಬಳ್ಳಿ

ಉತ್ತರ: ಜನರೇಟರ್ ಬದಲಾಯಿಸಿದ ದಿನದಿಂದ ಎಂದು ನೀವೇ ಬರೆದಿದ್ದೀರಿ, ಉತ್ತರ ಆ ಮಾತಿನಲ್ಲೇ ಇದೆ. ಮೂರು ಫೇಸುಗಳಲ್ಲಿ ಎರಡು ಅದಲು ಬದಲಾಗಿ ಮೋಟಾರು ಉಲ್ಟಾ ತಿರುಗುತ್ತಿರಬೇಕು. ಮೋಟಾರು ಉಲ್ಟಾ ತಿರುಗಿದರೆ ಪಂಪು ಎಣ್ಣೆಯನ್ನು ಎಳೆಯುವುದಿಲ್ಲ, ಒಣಗಿ ಓಡಿ ಸ್ವಲ್ಪ ಹೊತ್ತಿನಲ್ಲೇ ತನ್ನನ್ನೇ ತಾನು ಕೆರೆದುಕೊಂಡು ಹಾಳಾಗುತ್ತದೆ. ಯಂತ್ರವನ್ನು ಇನ್ನೊಮ್ಮೆ ಓಡಿಸಿ ನೋಡುವ ಮೊದಲು, ಮೋಟಾರಿನ ಮೇಲಿನ ಬಾಣದ ಗುರುತಿಗೂ ಫ್ಯಾನು ತಿರುಗುವ ದಿಕ್ಕಿಗೂ ಹೊಂದಾಣಿಕೆಯಾಗುತ್ತದೆಯೇ ಎಂದು ಒಂದು ಕ್ಷಣ ಮಾತ್ರ ಚಾಲೂ ಮಾಡಿ ನೋಡಿ. ಹೊಂದದಿದ್ದರೆ ಎರಡು ಫೇಸುಗಳನ್ನು ಅದಲುಬದಲು ಮಾಡಿ, ಫೇಸಿನ ಕ್ರಮ ತಪ್ಪಿದರೆ ಮತ್ತು ಒಂದು ಫೇಸು ಹೋದರೆ ಮೋಟಾರನ್ನು ತಡೆದುನಿಲ್ಲಿಸುವ ಪ್ರಿವೆಂಟರ್ ರಿಲೇ ಹಾಕಿಸಿ. ಜೊತೆಗೆ, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಓಡಲಾರಂಭಿಸಬಾರದು. ಯಾರಾದರೂ ಮತ್ತೆ ಗುಂಡಿ ಒತ್ತಿದರೆ ಮಾತ್ರ ಓಡಬೇಕು. ನಿಮ್ಮ ಊರಿನಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಯೋ ಅಷ್ಟು ಸಲ ಇದು ಮುಖ್ಯ.

ಎಣ್ಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಒಂದು ಓಟಕ್ಕೆ 45 ಸೆಕೆಂಡಿನಂತೆ ದಿನಕ್ಕೆ 60 ಓಟವೆಂದು ಹಿಡಿದರೂ ಮೋಟಾರು ದುಡಿಯುವುದು 45 ನಿಮಿಷ. ವರ್ಷಕ್ಕೆ 270 ಗಂಟೆ. ಗಂಟೆಯ ಲೆಕ್ಕದಲ್ಲಿ ನೋಡಿದರೆ ಎಣ್ಣೆ ಎಷ್ಟೋ ವರ್ಷ ಬಾಳಬೇಕು. ಆದರೆ ಅದನ್ನು ಕೆಡಿಸುವುದು ಓಟಕ್ಕಿಂತ ಹೆಚ್ಚಾಗಿ ನೀರು ಮತ್ತು ಧೂಳು. ಮಳೆಗಾಲದ ತೇವ, ಪೈಪಿನಲ್ಲಿ ನೀರು ಹೊಡೆದು ಯಂತ್ರ ತೊಳೆಯುವ ಅಭ್ಯಾಸ, ಟ್ಯಾಂಕಿನ ಉಸಿರಾಟದ ಮುಚ್ಚಳ ಒಡೆದುಹೋಗಿರುವುದು, ಈ ಮೂರರಿಂದ ನೀರು ಒಳಸೇರಿದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಎಣ್ಣೆಯನ್ನು ಕೂಡಲೇ ಬದಲಾಯಿಸಬೇಕು. ನೊರೆ ಕಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಕಾದಿದೆ. 60 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಇದ್ದರೆ ಕ್ಷೇಮ, 80 ದಾಟಿದರೆ ಸೀಲುಗಳು ಗಟ್ಟಿಯಾಗಿ ಬಿರುಕು ಬಿಡತೊಡಗುತ್ತವೆ. ನಮ್ಮ ಹವೆಗೆ ಸಾಮಾನ್ಯವಾಗಿ 46ರ ಗ್ರೇಡಿನ ಹೈಡ್ರಾಲಿಕ್ ಎಣ್ಣೆ ಹೊಂದುತ್ತದೆ, ಆದರೂ ಕೈಪಿಡಿಯ ಮಾತೇ ಕೊನೆಯದು. ಮಟ್ಟವನ್ನು ನೋಡುವಾಗ ಪ್ಲೇಟು ಪೂರ್ತಿ ಹಿಂದಕ್ಕೆ ಬಂದಿರಬೇಕು. ಮುಂದೆ ಚಾಚಿದಾಗ ಸಿಲಿಂಡರು ಎಣ್ಣೆ ತುಂಬಿಕೊಂಡಿರುವುದರಿಂದ ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ. ಕಡಿಮೆಯಾಯಿತೆಂದು ಆಗ ತುಂಬಿದರೆ ಪ್ಲೇಟು ಹಿಂದೆ ಬಂದಾಗ ಎಣ್ಣೆ ಉಕ್ಕಿ ನೆಲದ ಪಾಲಾಗುತ್ತದೆ.

ಪ್ರತಿದಿನ ಬೆಳಿಗ್ಗೆ ಮೊದಲ ಓಟಕ್ಕೆ ಮುಂಚೆ ಕಸದ ಬಾಯೊಳಗೆ ಬೆಳಕು ಹಾಯಿಸಿ ಇಣುಕಿ ನೋಡಿ. ಬೆಚ್ಚಗಿರುವ ಕಸದಲ್ಲಿ ಬೆಕ್ಕು ನಾಯಿಗಳು ಮಲಗಿರುತ್ತವೆ, ಕೆಲವೊಮ್ಮೆ ಚಿಂದಿ ಆಯುವವರೂ ಇಳಿದಿರುತ್ತಾರೆ. ನೆಲದಲ್ಲಿ ಎಣ್ಣೆಯ ಕಲೆ ಇದೆಯೇ, ಕಂಟೇನರನ್ನು ಯಂತ್ರಕ್ಕೆ ಬಿಗಿದ ಕೊಕ್ಕೆಗಳು ಭದ್ರವಾಗಿವೆಯೇ, ಬಾಗಿಲು ತೆರೆದೊಡನೆ ಮತ್ತು ಕೆಂಪು ಗುಂಡಿ ಒತ್ತಿದೊಡನೆ ಯಂತ್ರ ನಿಲ್ಲುತ್ತದೆಯೇ ಎಂಬುದನ್ನು ಓಡಿಸಿಯೇ ಪರೀಕ್ಷಿಸಬೇಕು. ಕಣ್ಣಿನಿಂದ ನೋಡಿ ‘ಸರಿಯಿದೆ’ ಎಂದು ರಿಜಿಸ್ಟರಿನಲ್ಲಿ ಟಿಕ್ ಹಾಕುವುದರಿಂದ ಪ್ರಯೋಜನವಿಲ್ಲ.

ವಾರದ ಕೆಲಸಗಳಲ್ಲಿ ಎಲ್ಲರೂ ತಪ್ಪಿಸುವ ಕೆಲಸವೊಂದಿದೆ: ಪ್ಲೇಟಿನ ಹಿಂದೆ ಸೇರಿಕೊಂಡ ಕಸವನ್ನು ತೆಗೆಯುವುದು. ಪ್ಲೇಟು ಹಿಂದಕ್ಕೆ ಬರುವಾಗ ಮೇಲಿನಿಂದಲೂ ಪಕ್ಕದಿಂದಲೂ ಚೂರುಪಾರು ಕಸ ಅದರ ಬೆನ್ನಿಗೆ ಬೀಳುತ್ತದೆ, ದಿನ ಕಳೆದಂತೆ ಗಟ್ಟಿಯಾಗುತ್ತದೆ. ಆಮೇಲೆ ಪ್ಲೇಟು ಪೂರ್ತಿ ಹಿಂದೆ ಬರಲಾಗದೆ, ಓಟದ ಕೊನೆಯನ್ನು ಗುರುತಿಸುವ ಲಿಮಿಟ್ ಸ್ವಿಚ್ಚಿಗೆ ತಾಗುವುದಿಲ್ಲ, ಯಂತ್ರ ನಡುವೆಯೇ ನಿಂತು ಮುಲುಗುತ್ತದೆ, ಹೋಸ್ ಪೈಪು ಕಸಕ್ಕೆ ಉಜ್ಜಿ ಸವೆಯುತ್ತದೆ. ಆಗ ಯಾರೋ, ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವನ್ನು ಬಿಗಿಮಾಡಿ ಒತ್ತಡ ಏರಿಸಲು ಹೊರಡುತ್ತಾರೆ. ರೋಗ ಒಂದು ಕಡೆ, ಔಷಧ ಇನ್ನೊಂದು ಕಡೆ. ಆ ವಾಲ್ವಿನ ಸೀಲನ್ನು ತಯಾರಕರ ಕಡೆಯವರಲ್ಲದೆ ಯಾರೂ ಮುಟ್ಟಬಾರದು. ಹಿಂದಿನ ಕಸ ತೆಗೆಯುವವನು ಮೈಯನ್ನೇ ಒಳಗೆ ಹಾಕಬೇಕಾಗುವುದರಿಂದ, ವೈಟ್‌ಫೀಲ್ಡಿನವರಿಗೆ ಹೇಳಿದ ಬೀಗದ ಪದ್ಧತಿ ಇಲ್ಲಿ ಎರಡು ಪಟ್ಟು ಕಟ್ಟುನಿಟ್ಟಾಗಿರಬೇಕು, ಹೊರಗೆ ಇನ್ನೊಬ್ಬರು ನಿಂತಿರಲೇಬೇಕು.

ತಿಂಗಳಿಗೊಮ್ಮೆ ಗೈಡುಗಳ ಸವೆತ, ಪಿನ್ನುಗಳ ಗ್ರೀಸು, ವೆಲ್ಡಿಂಗಿನ ಬಿರುಕು, ಪ್ಯಾನೆಲಿನ ಅರ್ತಿಂಗ್ ನೋಡಿ. ಹೋಸ್ ಪೈಪಿನಲ್ಲಿ ಸೋರಿಕೆ ಹುಡುಕುವಾಗ ಮಾತ್ರ ಎಂದಿಗೂ ಬೆರಳಾಡಿಸಬೇಡಿ, ರಟ್ಟಿನ ತುಂಡನ್ನು ಹಿಡಿದು ನೋಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ನೋವೂ ಮೊದಮೊದಲು ಕಡಿಮೆ. ಮನೆಗೆ ಹೋಗಿ ಮಲಗಿದವರು ಬೆರಳನ್ನೋ ಕೈಯನ್ನೋ ಕಳೆದುಕೊಂಡಿರುವುದುಂಟು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಅದೂ ತಡವಿಲ್ಲದೆ. ಆಸ್ಪತ್ರೆಯಲ್ಲಿ ‘ಗಾಯವಾಯಿತು’ ಎನ್ನದೆ, ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು.

ಪ್ರಶ್ನೆ: ನಮ್ಮ ಗೋದಾಮಿನ ಕಂಟೇನರಿನಿಂದ ಹೊಗೆ ಬಂತು. ಬಾಗಿಲು ತೆರೆದು ನೀರು ಹಾಕಲು ಹೋದಾಗ ಬೆಂಕಿ ಭಗ್ಗೆಂದು ಎದ್ದು ಒಬ್ಬರ ಮುಖ ಸುಟ್ಟಿತು. ಏನು ಮಾಡಬೇಕಿತ್ತು?
– ಗೋದಾಮು ನಿರ್ವಾಹಕರು, ಮಂಗಳೂರು

ಉತ್ತರ: ಗಾಯಗೊಂಡವರು ಬೇಗ ಗುಣವಾಗಲಿ. ಒತ್ತಿದ ಕಸದೊಳಗಿನ ಬೆಂಕಿ ಗಾಳಿಯಿಲ್ಲದೆ ಒಳಗೊಳಗೇ ಬೇಯುತ್ತಿರುತ್ತದೆ. ಬಾಗಿಲು ತೆರೆದರೆ ಅದಕ್ಕೆ ಬೇಕಾದ ಗಾಳಿಯನ್ನು ನಾವೇ ಬಡಿಸಿದಂತೆ. ಹೊಗೆ ಕಂಡೊಡನೆ ಯಂತ್ರ ನಿಲ್ಲಿಸಿ, ಮುಖ್ಯ ವಿದ್ಯುತ್ ಕಡಿದು, ಪ್ಲೇಟನ್ನು ಇದ್ದಲ್ಲೇ ಬಿಟ್ಟು, ಜನರನ್ನು ದೂರ ಕಳಿಸಿ, 101ಕ್ಕೋ 112ಕ್ಕೋ ಕರೆ ಮಾಡಬೇಕು. ಕಂಟೇನರಿನ ಪಕ್ಕದಲ್ಲಿ ಹೋಸ್ ಜೋಡಿಸುವ ರಂಧ್ರವಿದ್ದರೆ ಅಗ್ನಿಶಾಮಕ ಸಿಬ್ಬಂದಿಗೆ ತೋರಿಸಿ. ಇಲ್ಲದಿದ್ದರೆ ಮುಂದಿನ ಸರ್ವಿಸಿನಲ್ಲಿ ಮಾಡಿಸಿ. ಹೊಗೆಯಾಡುವ ಕಂಟೇನರನ್ನು ಲಾರಿಗೆ ಏರಿಸಿ ಸಾಗಿಸುವ ಯೋಚನೆ ಬೇಡವೇ ಬೇಡ.

ಈಚಿನ ವರ್ಷಗಳಲ್ಲಿ ಇಂಥ ಬೆಂಕಿಯ ಮೂಲ ಹೆಚ್ಚಾಗಿ ಲಿಥಿಯಂ ಬ್ಯಾಟರಿ. ಹಳೆಯ ಮೊಬೈಲು, ಪವರ್ ಬ್ಯಾಂಕು, ಮಕ್ಕಳ ಆಟಿಕೆಗಳನ್ನು ಪ್ಲೇಟು ಜಜ್ಜಿದಾಗ ಅದರೊಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ, ನೀರು ಹಾಕಿ ಆರಿಸಿದ ಮೇಲೂ ಮರುಕಳಿಸುತ್ತದೆ. ಬ್ಯಾಟರಿ, ಸ್ಪ್ರೇ ಡಬ್ಬಿ, ಪೇಂಟು, ಥಿನ್ನರ್, ಬಿಸಿ ಬೂದಿ ಇವಕ್ಕೆ ಕಸದ ಕೋಣೆಯ ಹೊರಗೇ ಒಂದು ಬೇರೆ ಡ್ರಮ್ಮು ಇಡಿ. ಬೆಂಕಿ ಆರಿದ ಮೇಲೆ ಕಂಟೇನರಿನೊಳಗೆ ಯಾರನ್ನೂ ಇಳಿಸಬೇಡಿ. ಬೆಂಕಿ ಬೀಳದ ಕಂಟೇನರಿನಲ್ಲೂ ಕೊಳೆತ ಕಸದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿರಬಹುದು, ಆಮ್ಲಜನಕ ಕಡಿಮೆಯಾಗಿರಬಹುದು. ಬಿದ್ದವನನ್ನು ಎತ್ತಲು ಹೋದವನೂ ಬೀಳುವ ದುರಂತವನ್ನು ನಾವು ಮ್ಯಾನ್‌ಹೋಲುಗಳಲ್ಲಿ ಸಾಕಷ್ಟು ಕಂಡಿದ್ದೇವೆ.

ಪ್ರಶ್ನೆ: ನಮ್ಮ ತಂದೆ ಕಾಂಪ್ಯಾಕ್ಟರ್ ಲಾರಿಯಲ್ಲಿ ಲೋಡರ್. ಹಿಂದಿನ ಮೆಟ್ಟಿಲ ಮೇಲೆ ನಿಂತೇ ಊರೆಲ್ಲ ಸುತ್ತುತ್ತಾರೆ. ಅವರಿಗೆ ಏನು ಹೇಳಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಗಳೇ, ನಿಮ್ಮ ತಂದೆಗೆ ಹೇಳುವುದಕ್ಕಿಂತ ಅವರ ಡ್ರೈವರಿಗೆ ಮತ್ತು ಗುತ್ತಿಗೆದಾರರಿಗೆ ಹೇಳಬೇಕಾದದ್ದೇ ಹೆಚ್ಚು. ಲಾರಿ ರಿವರ್ಸ್ ಹೋಗುವಾಗ ಹಿಂದಿನ ಮೆಟ್ಟಿಲ ಮೇಲೆ ಯಾರೂ ನಿಂತಿರಬಾರದು. ಜಾರಿ ಬಿದ್ದವರು ಬೀಳುವುದು ನೇರವಾಗಿ ಚಕ್ರದ ದಾರಿಗೆ, ಅದೂ ಡ್ರೈವರಿನ ಕನ್ನಡಿಗೆ ಕಾಣದ ಜಾಗದಲ್ಲಿ. ಒಂದು ಮನೆಯಿಂದ ಪಕ್ಕದ ಮನೆಗೆ ನಿಧಾನವಾಗಿ ಸರಿಯುವಾಗಿನ ಮಾತು ಬೇರೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಾಗ ಲೋಡರುಗಳು ಕ್ಯಾಬಿನ್ನಿನಲ್ಲಿ ಕೂರಬೇಕು. ಕ್ಯಾಬಿನ್ನಿನಲ್ಲಿ ಜಾಗವಿಲ್ಲ ಎಂಬುದು ಗುತ್ತಿಗೆದಾರರು ಪರಿಹರಿಸಬೇಕಾದ ಸಮಸ್ಯೆ.

ತಂದೆಯವರಿಗೆ ಹೇಳಬೇಕಾದದ್ದು ಇಷ್ಟು. ಪ್ಲೇಟು ಕೆಳಗಿಳಿಯುವಾಗ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಲಿ, ಏಕೆಂದರೆ ಒತ್ತಡಕ್ಕೆ ಸಿಕ್ಕ ಗಾಜಿನ ಬಾಟಲಿಯ ಚೂರು, ಟ್ಯೂಬ್‌ಲೈಟು, ಆಸಿಡ್ ಡಬ್ಬಿಯ ರಸ ಹೊರಗೆ ಚಿಮ್ಮುವುದು ಆಗಲೇ. ಹೊರಬಿದ್ದ ಚೀಲವನ್ನು ಓಟದ ನಡುವೆ ಕಾಲಿನಿಂದ ಒಳಗೆ ತುಳಿಯುವುದು ಬೇಡ. ಗುಂಡಿ ಒತ್ತುವವರು ಲಾರಿಯ ಹಿಂಭಾಗ ಕಾಣುವಲ್ಲೇ ನಿಂತು, ಎಲ್ಲರ ಕೈಗಳನ್ನೂ ನೋಡಿಯೇ ಒತ್ತಲಿ. ಉಂಗುರ, ಕೈಗೆ ಸುತ್ತಿದ ಬಟ್ಟೆ, ಜೋತಾಡುವ ಮಫ್ಲರ್ ಇರಬಾರದು. ದಪ್ಪ ಕೈಗವಸು ಮತ್ತು ಮುಚ್ಚಿದ ಬೂಟು ಇರಲೇಬೇಕು, ಅವನ್ನು ಕೊಡಬೇಕಾದವರು ಕೆಲಸ ಕೊಟ್ಟವರೇ.

ಇನ್ನೊಂದು ಅಪಾಯ ತೊಳೆಯುವ ಹೊತ್ತಿನದು. ಕಸ ಸುರಿದ ಮೇಲೆ ಹಿಂದಿನ ಭಾರೀ ಬಾಗಿಲನ್ನು, ಅಂದರೆ ಟೇಲ್‌ಗೇಟನ್ನು ಮೇಲೆತ್ತಿಟ್ಟು ಅದರಡಿ ನುಗ್ಗಿ ಕೆರೆಯುತ್ತಾರೆ. ಆಗ ಅದನ್ನು ಮೇಲೆ ಹಿಡಿದಿರುವುದು ಎಣ್ಣೆ ಮಾತ್ರ. ಒಂದು ಪೈಪು ಒಡೆದರೆ ಅಥವಾ ಕ್ಯಾಬಿನ್ನಿನಲ್ಲಿ ಯಾರೋ ಲಿವರ್ ತಾಗಿಸಿದರೆ ಅದು ಕೆಳಗಿಳಿಯುತ್ತದೆ. ಬಾಗಿಲನ್ನು ಎತ್ತಿ ಹಿಡಿಯಲು ಲಾರಿಯಲ್ಲೇ ಒಂದು ಉಕ್ಕಿನ ಊರುಗೋಲು ಇರುತ್ತದೆ, ಬಹಳ ಲಾರಿಗಳಲ್ಲಿ ಅದು ತುಕ್ಕು ಹಿಡಿದು ಅಲುಗಾಡದಂತಾಗಿರುತ್ತದೆ. ನಾಳೆ ತಂದೆ ಕೆಲಸಕ್ಕೆ ಹೊರಡುವಾಗ ಆ ಊರುಗೋಲು ಕದಲುತ್ತದೆಯೇ ಎಂದು ನೋಡಿ ಬರಲು ಹೇಳಿ. ಕದಲದಿದ್ದರೆ ಅದಕ್ಕೆ ಎಣ್ಣೆ ಬಿಟ್ಟು ಸರಿಯಾಗುವವರೆಗೆ, ಅದನ್ನು ನಿಲ್ಲಿಸಿ ಎಂಜಿನ್ನಿನ ಕೀಲಿಯನ್ನು ತಮ್ಮ ಕೈಗೆ ಕೊಡುವವರೆಗೆ, ಬಾಗಿಲಿನಡಿಗೆ ತಲೆ ಹಾಕಬಾರದೆಂದು ಹೇಳಿ.